ಹೆಸರಿಲ್ಲದ ಎರಡು ಗುಡ್ಡ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಗದಿಗೆಪ್ಪ ಹೊಸಮನಿಯವರ ಕಂಪ್ಯೂಟರಿನ ಪರದೆಯ ಮೇಲೆ ಅವರ ಮಗನ ಹೆಸರು ಬಂತು. ಮಗ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು.

ಹೆಸರು ಬಂದದ್ದು ಒಂದು ನಕಾಶೆಯ ಮೇಲೆ. ನೆವಾಡ ರಾಜ್ಯದ ನಡುಭಾಗದ ಬೆಟ್ಟಸಾಲು ಅದು. ಸುತ್ತ ಐದಾರು ಸಾವಿರ ಅಡಿ ಎತ್ತರದಲ್ಲೇ ಹರಡಿಕೊಂಡ ಒಣ ಬಯಲು, ಬೂದುಬಣ್ಣದ ಕುರುಚಲು ಗಿಡ, ನಡುವೆ ಎದ್ದು ನಿಂತ ಬೋಳು ಕಲ್ಲಿನ ಶಿಖರಗಳು. ಹತ್ತಿರದ ಪೆಟ್ರೋಲ್ ಬಂಕಿಗೆ ಅರವತ್ತು ಮೈಲಿ. ಗದಿಗೆಪ್ಪನವರು ಕೆಲಸ ಮಾಡುವ ಮಿಶಿಗನ್ನಿನ ಆಬರ್ನ್ ಹಿಲ್ಸ್‌ನ ಗಾಡಿ ಕಂಪನಿ ಇಂಥ ಜಾಗಗಳ ನಕಾಶೆಗಳನ್ನು ತಯಾರಿಸುತ್ತದೆ. ಗುಡ್ಡ ಹತ್ತುವ ದೊಡ್ಡ ಗಾಡಿಗಳ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಕಾಣುವುದು ಆ ನಕಾಶೆಗಳೇ. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಎತ್ತರ ಅಳೆದ ಅಂಕಿ ಒಂದು ಕಡೆಯಿಂದ ಬರುತ್ತದೆ. ಆ ಅಂಕಿಯಿಂದ ಕಾಂಟೂರ್ ಗೆರೆಗಳು ಮೂಡುತ್ತವೆ, ನಲವತ್ತು ಅಡಿ ಎತ್ತರಕ್ಕೆ ಒಂದು ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಮನೆಲ. ಅದರ ಮೇಲೆ ಬೇರೆ ಪದರವಾಗಿ ಹೆಸರುಗಳು ಕೂರುತ್ತವೆ. ಆ ಹೆಸರುಗಳನ್ನು ಪರೀಕ್ಷಿಸಿ ಒಪ್ಪುವುದು ಅಥವಾ ತಳ್ಳಿಹಾಕುವುದು ಗದಿಗೆಪ್ಪನವರ ಕೆಲಸ.

ಸರ್ಕಾರದ ನಕಾಶೆಯಲ್ಲಿ ಇಲ್ಲದ ಹೆಸರುಗಳು ಇನ್ನೊಂದು ದಾರಿಯಿಂದ ಬರುತ್ತಿದ್ದವು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಒಂದು ಸಾರ್ವಜನಿಕ ನಕಾಶೆಯಿದೆ. ಅಲ್ಲಿ ಸೇರಿಕೊಂಡ ಹೊಸ ಹೆಸರುಗಳು ಪ್ರತಿ ವಾರ ಕಂಪನಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಆ ಸಾಲಿನಲ್ಲಿ ಅಂದು ಏಳನೆಯದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಎರಡು ಪದ: ಋಷಿ ಗುಡ್ಡ. ಎತ್ತರ 10,386 ಅಡಿ. ಹೆಸರು ಕೊಟ್ಟವರ ಖಾತೆ ಮಿಶಿಗನ್ನಿನದು. ಮೂಲ ಯಾವುದು ಎಂಬ ಪ್ರಶ್ನೆಯ ಮುಂದೆ 'ನನಗೆ ಗೊತ್ತು' ಎಂದು ಬರೆದಿತ್ತು.

ಇದನ್ನು ಹಾಕಿದವರು ಯಾರು ಎಂದು ಗದಿಗೆಪ್ಪನವರು ಯಾರನ್ನೂ ಕೇಳಬೇಕಾಗಿರಲಿಲ್ಲ. ನೆವಾಡದ ಶಿಖರಕ್ಕೆ ಗುಡ್ಡ ಎನ್ನುವವರು ಅವರ ಮನೆಯಲ್ಲೇ ಇದ್ದರು.

ಪಕ್ಕದ ಮೇಜಿನಿಂದ ಸ್ಮಿತಾ ಕುರ್ಚಿಯನ್ನು ಉರುಳಿಸಿಕೊಂಡು ಬಂದಳು. ಮೈಸೂರಿನ ಹುಡುಗಿ, ಕಳೆದ ಚಳಿಗಾಲ ಕೆಲಸಕ್ಕೆ ಸೇರಿದವಳು. ಗದಿಗೆಪ್ಪನವರ ಮಗ ತೀರಿಹೋದದ್ದು ಅವಳಿಗೆ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ.

"ಅಂಕಲ್, ಏಳನೇದು ನೋಡಿದ್ರಾ? ನೆವಾಡದಲ್ಲಿ ಗುಡ್ಡ ಅಂತೆ."

"ನೋಡ್ದೆ."

"ಇದು ನಿಮ್ ಕಡೆಯೋರ್ದೇ ಕೆಲಸ. ನಮ್ಮೋರಾಗಿದ್ರೆ ಬೆಟ್ಟ ಅಂತಿದ್ರು. ಮೇಲೊಂದು ದೇವಸ್ಥಾನನೂ ಕಟ್ಟಿಬಿಡ್ತಿದ್ರು."

ಬೇರೆ ದಿನವಾಗಿದ್ದರೆ, ಕಟ್ಟಿ ಪಾರ್ಕಿಂಗ್ ಸಾಲದು ಅಂತ ಜಗಳಾನೂ ಆಡ್ತಿದ್ರಿ ಎಂದು ಅವರು ತಿರುಗಿಸಿ ಹೇಳುತ್ತಿದ್ದರು. ಹುಬ್ಬಳ್ಳಿ ಮೈಸೂರಿನ ಈ ಜಗಳ ಅವರಿಬ್ಬರ ನಡುವೆ ದಿನಕ್ಕೊಂದಾದರೂ ನಡೆಯುತ್ತಿತ್ತು. ಅಂದು ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸ್ಮಿತಾ ಮುಂದುವರಿಸಿದಳು.

"ಆದ್ರೆ ಇದು ಪಾಸ್ ಆಗತ್ತೆ ಅಂಕಲ್. ನಾನು ಚೆಕ್ ಮಾಡ್ದೆ. ಕೊಲರಾಡೋದವ್ನು ಯಾರೋ ಆಗಸ್ಟಲ್ಲಿ ಹತ್ತಿ ಬ್ಲಾಗ್ ಬರ್ದಿದಾನೆ, ಇದೇ ಹೆಸರಲ್ಲಿ. ಎರಡು ಸೋರ್ಸ್ ಆಯ್ತಲ್ಲ. ಅಪ್ರೂವ್ ಮಾಡ್ಲಾ?"

ಎರಡು ಬೇರೆ ಬೇರೆ ಕಡೆ ಹೆಸರು ಕಂಡರೆ ಒಪ್ಪಬಹುದು ಎಂಬುದು ಕಂಪನಿಯ ನಿಯಮ. ಆ ಬ್ಲಾಗಿನವನು ಸಾರ್ವಜನಿಕ ನಕಾಶೆ ನೋಡಿಯೇ ಹತ್ತಿರುತ್ತಾನೆ, ಅಲ್ಲಿದ್ದ ಹೆಸರನ್ನೇ ಬರೆದಿರುತ್ತಾನೆ ಎಂಬುದನ್ನು ನಿಯಮ ಕೇಳುವುದಿಲ್ಲ.

"ಬ್ಯಾಡ. ಇದನ್ನ ನನಗ ಬಿಡು," ಎಂದರು ಗದಿಗೆಪ್ಪ.

"ಶುಕ್ರವಾರ ಐದಕ್ಕೆ ಲಾಕ್ ಆಗತ್ತೆ, ನೆನಪಿದೆ ತಾನೇ?"

"ಐತಿ."

ಶುಕ್ರವಾರ ಸಂಜೆ ಐದಕ್ಕೆ ಆ ಬಾರಿಯ ನಕಾಶೆಗೆ ಬೀಗ. ಆಮೇಲೆ ಅದು ಗಾಡಿಗಳಿಗೆ ಹೋಗುತ್ತದೆ, ಮುಂದಿನ ವಸಂತದವರೆಗೆ ಬದಲಾಗುವುದಿಲ್ಲ. ಅಷ್ಟರೊಳಗೆ ಅವರು ಒಂದು ತೀರ್ಮಾನಕ್ಕೆ ಬರಬೇಕಿತ್ತು. ಹೆಸರು ಉಳಿಸಿದರೆ ಅದು ಸುಳ್ಳು. ತೆಗೆದರೆ ಏಕೆ ತೆಗೆದಿರಿ ಎಂದು ಹೆಂಡತಿ ನೀಲಮ್ಮ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದರೆ, ಎರಡು ವರ್ಷದಿಂದ ಹೆಂಡತಿಗೆ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಬೇಕು.

ಅವರು ಆ ಜಾಗದ ಕಾಂಟೂರ್ ಗೆರೆಗಳನ್ನು ದೊಡ್ಡದು ಮಾಡಿಕೊಂಡು ನೋಡಿದರು. ನೋಡಬೇಕಾಗಿರಲಿಲ್ಲ, ಕಣ್ಣು ಮುಚ್ಚಿಕೊಂಡೂ ಅವರು ಅದನ್ನು ಬರೆಯಬಲ್ಲರು. ಅಲ್ಲಿ ಒಂದಲ್ಲ, ಎರಡು ಗುಡ್ಡಗಳಿವೆ. ದಕ್ಷಿಣಕ್ಕೆ ಎತ್ತರದ್ದು, 10,386 ಅಡಿ. ಉತ್ತರಕ್ಕೆ ತಗ್ಗಿನದು, 10,112. ನಡುವೆ ಒಂದೂವರೆ ಮೈಲಿ ಉದ್ದದ, ಇಳಿಜಾರಾದ ಬೆಟ್ಟದ ಬೆನ್ನು. ಸರ್ಕಾರದ ನಕಾಶೆಯಲ್ಲಿ ಎರಡಕ್ಕೂ ಹೆಸರಿಲ್ಲ, ಎತ್ತರದ ಅಂಕಿ ಮಾತ್ರ.

ನೀಲಮ್ಮ ಹೆಸರಿಟ್ಟದ್ದು ದಕ್ಷಿಣದ ಗುಡ್ಡಕ್ಕೆ. ಋಷಿ ಹತ್ತಿದ್ದು ಉತ್ತರದ್ದನ್ನು.

ಈ ತಪ್ಪು ಹೇಗಾಯಿತು ಎಂಬುದೂ ಗದಿಗೆಪ್ಪನವರಿಗೆ ಗೊತ್ತಿತ್ತು. ಋಷಿ ಕೊನೆಯದಾಗಿ ಕಳಿಸಿದ್ದು ಒಂದು ಫೋಟೋ. ಇಪ್ಪತ್ನಾಲ್ಕರ ಹುಡುಗ, ಆ್ಯನ್ ಆರ್ಬರ್‌ನಲ್ಲಿ ಓದು ಮುಗಿಸಿ ಡಿಯರ್‌ಬಾರ್ನ್‌ನಲ್ಲಿ ಕೆಲಸಕ್ಕೆ ಸೇರಿದ್ದ. ಜೂನ್ ತಿಂಗಳಲ್ಲಿ ಗೆಳೆಯ ಕೇಶವ್ ಜೊತೆ ಒಂದು ವಾರ ನೆವಾಡಕ್ಕೆ ಹೋಗಿದ್ದ. ಗುಡ್ಡದ ತುದಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕೆಂಪಗೆ ಹೊಳೆಯುವ ಒಂದು ಶಿಖರದ ಚಿತ್ರ ತೆಗೆದು ತಾಯಿಗೆ ಕಳಿಸಿದ. ಕೆಳಗೆ, 'ಮೇಡ್ ಇಟ್, ಅಮ್ಮಾ' ಎಂದು ಬರೆದಿದ್ದ. ತಲುಪಿದೆ ಎಂದ ಮಾತಿನ ಮೇಲಿದ್ದ ಗುಡ್ಡವೇ ತಲುಪಿದ ಗುಡ್ಡ ಎಂದು ತಾಯಿ ತಿಳಿದರು. ಅದು ಅವನು ನಿಂತಲ್ಲಿಂದ ಎದುರಿಗೆ ಕಂಡ ಗುಡ್ಡ.

ಗದಿಗೆಪ್ಪ ನೆವಾಡದಿಂದ ಮಗನ ದೇಹದೊಂದಿಗೆ ವಾಪಸು ಬರುವ ಹೊತ್ತಿಗೆ ಆ ಚಿತ್ರಕ್ಕೆ ಚೌಕಟ್ಟು ಹಾಕಿ ನೋವೈ ಊರಿನ ತಮ್ಮ ಮನೆಯ ಹಾಲಿನಲ್ಲಿ ಇಟ್ಟಾಗಿತ್ತು. ಬಂದವರಿಗೆಲ್ಲ ನೀಲಮ್ಮ, ಇದ ಆ ಗುಡ್ಡಾ ಎಂದು ತೋರಿಸುತ್ತಿದ್ದರು. ಆ ದಿನ ತಿದ್ದುವುದು ಗದಿಗೆಪ್ಪನವರಿಂದ ಆಗಲಿಲ್ಲ. ಆ ದಿನ ಆಗದ್ದು ಆಮೇಲೂ ಆಗಲಿಲ್ಲ.

ತಿದ್ದದೆ ಇದ್ದದ್ದು ಅದೊಂದೇ ಅಲ್ಲ.

ಉತ್ತರದ ಗುಡ್ಡ ಇಳಿಯುವಾಗ, ಪೂರ್ವದ ಕಡೆ, ಇಪ್ಪತ್ತೈದು ಅಡಿಯ ಒಂದು ಕಡಿದಾದ ಬಂಡೆಗೋಡೆ ಇದೆ. ನಕಾಶೆಯಲ್ಲಿ ಅದು ಕಾಣುವುದಿಲ್ಲ. ನಲವತ್ತು ಅಡಿಗೊಂದು ಗೆರೆ ಎಳೆದರೆ ಎರಡು ಗೆರೆಗಳ ನಡುವೆ ಇಪ್ಪತ್ತೈದು ಅಡಿಯ ಗೋಡೆ ಅಡಗಿ ಕೂರಬಲ್ಲದು. ಋಷಿ ಅಲ್ಲಿಂದ ಬಿದ್ದ. ಸಂಜೆ ಐದು ಗಂಟೆಯ ಸುಮಾರು. ಕೇಶವ್ ಮತ್ತೆ ಮೇಲೆ ಹತ್ತಿ ಸಿಗ್ನಲ್ ಹಿಡಿದು ನೆರವಿಗೆ ಫೋನ್ ಮಾಡಿದ. ಎಲ್ಲಿದ್ದೀರಿ ಎಂದು ಕೇಳಿದಾಗ ಅವನ ಫೋನಿನ ನಕಾಶೆ ಆ ಗುಡ್ಡಕ್ಕೆ ಕೊಟ್ಟಿದ್ದ ಹೆಸರು ಹೇಳಿದ: ಲ್ಯಾಂಟರ್ನ್ ಪೀಕ್. ಅದು ಯಾರೋ ಹವ್ಯಾಸಿ ತನ್ನ ಪಾಡಿಗೆ ತಾನು ಇಟ್ಟ ಹೆಸರು. ಅದೇ ಹೆಸರನ್ನು ಇನ್ಯಾರೋ ದಕ್ಷಿಣದ ಗುಡ್ಡಕ್ಕೂ ಇಟ್ಟಿದ್ದರು, ನೆರವಿಗೆ ಹೊರಟವರ ಕೈಯಲ್ಲಿದ್ದ ನಕಾಶೆ ಅದನ್ನು ತೋರಿಸುತ್ತಿತ್ತು. ಮಾತು ಮುಗಿಯುವ ಮೊದಲೇ ಕೇಶವ್‌ನ ಫೋನಿನ ಚಾರ್ಜ್ ಮುಗಿಯಿತು. ಹೆಲಿಕಾಪ್ಟರ್ ದಕ್ಷಿಣದ ಗುಡ್ಡಕ್ಕೆ ಹೋಗಿ, ಬೆಳಕಿರುವವರೆಗೆ ಅದನ್ನೇ ಸುತ್ತಿತು. ಕತ್ತಲಾದ ಮೇಲೆ ಕೇಶವ್ ಅಲ್ಲಾಡಿಸಿದ ಟಾರ್ಚು ಪೈಲಟ್‌ಗೆ ಕಂಡಿತು. ಅಷ್ಟರಲ್ಲಿ ಋಷಿಯ ಉಸಿರು ನಿಂತಿತ್ತು.

ಅವನು ಬಿದ್ದ ಮೇಲೆ ಮೂರು ತಾಸು ಬದುಕಿದ್ದ. ಇದನ್ನು ಕೇಶವ್ ಗದಿಗೆಪ್ಪನವರಿಗೆ ನೆವಾಡದ ಒಂದು ಊರಿನ ಸಣ್ಣ ಹೋಟೆಲಿನಲ್ಲಿ ಕೂತು ಹೇಳಿದ. ಅಲ್ಲಿಂದಲೇ ಗದಿಗೆಪ್ಪ ಹೆಂಡತಿಗೆ ಫೋನ್ ಮಾಡಿ, ಬಿದ್ದ ಕೂಡಲೇ ಹೋದ, ಏನೂ ತಿಳಿದಿರಲಿಕ್ಕಿಲ್ಲ ಎಂದರು.

ನೀಲಮ್ಮ ಡಾಕ್ಟರು. ಫಾರ್ಮಿಂಗ್ಟನ್ ಹಿಲ್ಸ್‌ನ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾರೆ. ಮರಣೋತ್ತರ ವರದಿ ಅಂಚೆಯಲ್ಲಿ ಬಂದಾಗ, ಮಂದೀದು ದಿನಾ ಓದ್ತೀನಿ, ಇದೊಂದನ್ನ ನನಗ ಕೊಡಬ್ಯಾಡ್ರಿ ಎಂದಿದ್ದರು. ಗದಿಗೆಪ್ಪ ಕೊಡಲಿಲ್ಲ. ಆ ವರ್ಷವೇ ಅವರು ಕಂಪನಿಯಲ್ಲಿ ಗಾಡಿಗಳ ಸಸ್ಪೆನ್ಷನ್ ರೂಪಿಸುವ ವಿಭಾಗದ ಒಳ್ಳೆಯ ಹುದ್ದೆ ಬಿಟ್ಟು ನಕಾಶೆಯ ಹೆಸರು ನೋಡುವ ಕೆಲಸ ಕೇಳಿ ಪಡೆದರು. ಸಂಬಳ ಇಳಿಯಿತು. ದುಃಖಕ್ಕೆ ಹಗುರ ಕೆಲಸ ಹುಡುಕಿಕೊಂಡಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ಅಲ್ಲಿಂದ ಮುಂದೆ ಅವರ ಮೇಜಿನಿಂದ ಒಂದು ಹೆಸರೂ ಪರೀಕ್ಷೆಯಿಲ್ಲದೆ ಹೊರಗೆ ಹೋಗಿರಲಿಲ್ಲ.

ಈಗ ತಾಯಿಯೇ ಮಗನ ಹೆಸರನ್ನು, ಹೆಲಿಕಾಪ್ಟರ್ ಅವನನ್ನು ತಪ್ಪಾಗಿ ಹುಡುಕಿದ ಗುಡ್ಡದ ಮೇಲೆ ಇಟ್ಟಿದ್ದರು.

ಬುಧವಾರ ಊಟದ ಹೊತ್ತಿಗೆ ಗದಿಗೆಪ್ಪ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಮಗಳಿಗೆ ಫೋನ್ ಮಾಡಿದರು. ದಿಯಾ ಋಷಿಗಿಂತ ನಾಲ್ಕು ವರ್ಷ ದೊಡ್ಡವಳು. ಶಿಕಾಗೋದ ಹೊರಗೆ ನೇಪರ್‌ವಿಲ್‌ನಲ್ಲಿ ಗಂಡನ ಜೊತೆ ಇದ್ದಳು.

"ನಿಮ್ಮವ್ವ ನಕಾಶಿ ಮ್ಯಾಲ ಋಷಿ ಹೆಸರು ಹಾಕ್ಯಾಳ. ಗೊತ್ತೇನು ನಿನಗ?"

"ಯಾ. ಐ ಹೆಲ್ಪ್ಡ್ ಹರ್ ಮೇಕ್ ದಿ ಅಕೌಂಟ್."

"ಯಾಕ ಹೇಳಲಿಲ್ಲ?"

"ಶಿ ಸೆಡ್ ನಾಟ್ ಟು. ಅಪ್ಪ, ಪ್ಲೀಸ್, ಜಸ್ಟ್ ಲೀವ್ ಇಟ್. ಇಟ್ಸ್ ಅ ಮೌಂಟನ್. ಹೂ ಡಸ್ ಇಟ್ ಹರ್ಟ್?"

ಯಾರಿಗೆ ನೋವಾಗುತ್ತದೆ ಎಂಬುದನ್ನು ಮಗಳಿಗೂ ಅವರು ಹೇಳಿರಲಿಲ್ಲ. ಹವಾಮಾನದ ವಿಷಯ ಕೇಳಿ ಫೋನ್ ಇಟ್ಟರು.

ಆ ಸಂಜೆ ಮನೆಗೆ ಹೋಗುವ ಮೊದಲು ಅವರು ಸ್ಮಶಾನದ ಕಡೆ ಕಾರು ತಿರುಗಿಸಿದರು. ಅವರ ಕುಲದಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಊರಿನಲ್ಲಾದರೆ ಮೇಲೆ ಒಂದು ಗದ್ದಿಗೆ ಎಬ್ಬಿಸುತ್ತಾರೆ, ಮಣ್ಣಿನದೋ ಕಲ್ಲಿನದೋ, ಮೊಣಕಾಲೆತ್ತರದ್ದಾದರೂ. ಇಲ್ಲಿ ಋಷಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂಳಿದ್ದರು. ಹುಲ್ಲು ಕತ್ತರಿಸುವ ಯಂತ್ರ ಸಲೀಸಾಗಿ ಹಾಯಬೇಕು ಎಂದು ಆ ಸ್ಮಶಾನದಲ್ಲಿ ಎಲ್ಲ ಕಲ್ಲುಗಳನ್ನೂ ನೆಲಕ್ಕೆ ಸಮನಾಗಿ ಹುಗಿದಿರುತ್ತಾರೆ. ಹತ್ತು ಹೆಜ್ಜೆ ದೂರ ನಿಂತರೆ ಏನೂ ಕಾಣುವುದಿಲ್ಲ, ಹುಲ್ಲು ಮಾತ್ರ. ಮೊದಲ ವರ್ಷ ನೀಲಮ್ಮ ಪ್ರತಿ ಸೋಮವಾರ ಬರುತ್ತಿದ್ದರು. ಆಮೇಲೆ ನಿಲ್ಲಿಸಿಬಿಟ್ಟರು. ಅಂವಗೊಂದು ಗದ್ದಿಗಿ ಇಲ್ಲ, ಎಲ್ಲಿಗಂತ ಹೋಗ್ಲಿ ಎಂದಿದ್ದರು. ಗದಿಗೆಪ್ಪ ಆ ಮಾತನ್ನು ಆಗ ಕೇಳಿ ಸುಮ್ಮನಾಗಿದ್ದರು. ಎದ್ದು ಕಾಣುವ ಒಂದು ಜಾಗ ಹೆಂಡತಿಗೆ ಬೇಕಾಗಿತ್ತು ಎಂಬುದು, ಅಲ್ಲಿ ಕಲ್ಲು ಹುಡುಕುತ್ತ ನಿಂತಾಗ ಅವರಿಗೆ ಹೊಳೆಯಿತು. ಅದು ಹೊಳೆದ ಮೇಲೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಬುಧವಾರವೂ ಅವರು ಹೇಳಲಿಲ್ಲ.

ಗುರುವಾರ ಸಂಜೆ ಏಳಕ್ಕೆ ಇಬ್ಬರೂ ಊಟಕ್ಕೆ ಕೂತರು. ಹೊರಗೆ ಇನ್ನೂ ಬೆಳಕಿತ್ತು. ಪಕ್ಕದೂರು ಕ್ಯಾಂಟನ್‌ನಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಸರಳಾ ಎಂಬವರಿಂದ ನೀಲಮ್ಮ ಜೋಳದ ರೊಟ್ಟಿ ತಂದಿದ್ದರು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು.

"ನಕಾಶಿ ಮ್ಯಾಲ ಒಂದು ಹೆಸರು ಬಂದೈತಿ," ಎಂದರು ಗದಿಗೆಪ್ಪ.

ನೀಲಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಬಂತಾ? ಯಾವಾಗ ಬರ್ತದೋ ಅಂತ ನಾನೂ ನೋಡಾಕತ್ತಿದ್ದೆ."

"ನನ್ನ ಕಡೆ ಬರ್ತದಂತ ಗೊತ್ತಿತ್ತಾ ನಿನಗ?"

"ನಿಮ್ಮ ಕಡೆ ಬರ್ಲಿ ಅಂತನ ಹಾಕೀನಿ. ಎರಡು ವರ್ಷ ಆತು, ಆ ಹೆಸರು ಈ ಮನ್ಯಾಗ ನಿಮ್ಮ ಬಾಯಾಗ ಬಂದಿಲ್ಲ. ಆಫೀಸಿನಾಗರೆ ಓದ್ತೀರಿ ಅಂದೆ."

ಗದಿಗೆಪ್ಪ ನೀರು ಕುಡಿದರು. "ಅದನ್ನ ತಗೀಬೇಕಾಗ್ತದ, ನೀಲಾ."

"ಯಾಕ?"

"ಅದಕ್ಕೊಂದು ರೂಲ್ ಐತಿ."

"ರೂಲ್ ನನಗ ಹೇಳಬ್ಯಾಡ್ರಿ. ಎರಡು ಕಡೆ ಇದ್ರ ಪಾಸ್ ಅಂತ ಇಲ್ಲೇ ಊಟಕ್ಕ ಕುಂತು ಹೇಳೀರಿ. ಆ ಕೊಲರಾಡೋ ಹುಡುಗ ಬರದಾನಲ್ಲ? ಅಂವಗೇನು ನಾ ರೊಕ್ಕಾ ಕೊಟ್ಟು ಬರಸಿಲ್ಲ. ತಾನ ಹತ್ತಿದಾ, ತಾನ ಬರದಾ." ಅವರ ಮುಖದಲ್ಲಿ ನಗೆಯಂಥದ್ದು ಇತ್ತು. "ಚಂದ ಬರದಾನ. ಮ್ಯಾಲ ಗಾಳಿ ಭಾಳ ಅಂತ. ಒಬ್ಬನ ಕುಂತು ಸೇಬು ತಿಂದಾನಂತ."

"ಅದು ಆ ಗುಡ್ಡ ಅಲ್ಲ."

"ಏನು?"

"ಫೋಟೋದಾಗ ಕಾಣೋದು ಎದುರಿಗಿಂದು. ಋಷಿ ನಿಂತಿದ್ದು ಇತ್ತಾಗಿನ ಗುಡ್ಡದ ಮ್ಯಾಲ. ಅಲ್ಲಿ ನಿಂತು ಅದನ್ನ ತಗದಾನ."

ನೀಲಮ್ಮ ಎದ್ದು ಹಾಲಿಗೆ ಹೋಗಲಿಲ್ಲ. ಆ ಚಿತ್ರವನ್ನು ನೋಡಲು ಅವರಿಗೂ ಅದರ ಎದುರು ನಿಲ್ಲಬೇಕಾಗಿರಲಿಲ್ಲ. "ಹೌದಲ್ಲ," ಎಂದರು. "ನಿಂತ ಗುಡ್ಡದ ಫೋಟೋ ಹ್ಯಾಂಗ ತಗೀತಾನ ಅಂವ. ಇಷ್ಟೂ ತಿಳೀಲಿಲ್ಲ ನೋಡ್ರಿ ನನಗ. ದಿನಾ ಮುಂಜಾನೆ ಎದ್ದು ಅದಕ್ಕ ಕೈ ಮುಗದೀನಿ."

"ನಾ ಮದ್ಲ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇನ್ನೂ ಇರಲಿಲ್ಲ. "ಇರ್ಲಿ. ಬಾಜೂ ಗುಡ್ಡಕ್ಕ ಸರಸ್ತೀನಿ. ಎರಡು ನಿಮಿಷದ ಕೆಲಸ. ನೀವು ತೋರಸ್ರಿ ಯಾವದಂತ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಉತ್ತರದ ಗುಡ್ಡಕ್ಕೆ ಆ ಹೆಸರು ಇಟ್ಟರೆ ಸುಳ್ಳಿನ ಪಾಲು ಕಡಿಮೆ. ಗದಿಗೆಪ್ಪನವರ ಬಾಯಲ್ಲಿ ಸರಿ ಎಂಬ ಮಾತು ಅರ್ಧ ಬಂದಿತ್ತು. ಆದರೆ ಆ ಗುಡ್ಡಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರಿಂದ ಆದದ್ದು ಏನು ಎಂಬುದು ಅವರಿಗೆ ಗೊತ್ತಿತ್ತು. ಇನ್ನೊಂದು ಹೆಸರು ಸೇರಿಸುವುದಕ್ಕೆ ಅವರ ನಾಲಿಗೆ ಏಳಲಿಲ್ಲ.

"ಬ್ಯಾಡ," ಎಂದರು. "ಯಾವದಕ್ಕೂ ಬ್ಯಾಡ."

"ಯಾಕ್ರೀ ಹಿಂಗ ಮಾಡ್ತೀರಿ? ಯಾರೂ ಹೋಗದ ಕಲ್ಲು ಗುಡ್ಡ. ಒಂದು ಹೆಸರಿನಿಂದ ಯಾರಿಗೇನಾಗ್ತದ?"

ಆಗ ಗದಿಗೆಪ್ಪ ಹೇಳಿದರು. ಕೇಶವ್ ಹೇಳಿದ ಕ್ರಮದಲ್ಲೇ ಹೇಳಿದರು: ಬಂಡೆಗೋಡೆ, ಫೋನು, ಲ್ಯಾಂಟರ್ನ್ ಎಂಬ ಹೆಸರು, ಎರಡು ನಕಾಶೆ, ದಕ್ಷಿಣದ ಗುಡ್ಡಕ್ಕೆ ಹೋದ ಹೆಲಿಕಾಪ್ಟರ್. ಎಲ್ಲೂ ತಮ್ಮ ಮಾತು ಸೇರಿಸಲಿಲ್ಲ. ನೀಲಮ್ಮ ತಟ್ಟೆಯ ಅಂಚಿಗೆ ಎರಡೂ ಕೈ ಇಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಅವರು ಪ್ರಶ್ನೆ ಕೇಳಿದ್ದು ಕ್ಲಿನಿಕ್ಕಿನಲ್ಲಿ ಕೇಳುವ ದನಿಯಲ್ಲಿ.

"ಎಷ್ಟೊತ್ತು ಇದ್ದ?"

"ಮೂರು ತಾಸು."

"ಮಾತಾಡ್ತಿದ್ನಾ?"

"ಮದ್ಲಿಗೆ ಚಲೋ ಮಾತಾಡ್ದ ಅಂದ ಕೇಶವ್. ಕಡೀಕ ಇಲ್ಲ."

"ರಿಪೋರ್ಟಿನಾಗ ಏನಿತ್ತು?"

"ಸೊಂಟದ ಎಲುಬು ಮುರದಿತ್ತು. ಒಳಗ ರಕ್ತ ಹೋಗಿತ್ತು."

"ತಲಿ?"

"ತಲೀಗೆ ಏನೂ ಆಗಿರಲಿಲ್ಲ."

ನೀಲಮ್ಮ ತಲೆಯಾಡಿಸಿದರು, ರೋಗಿಯ ಕಡೆಯವರ ಮಾತು ಕೇಳಿಸಿಕೊಂಡವರ ಹಾಗೆ. "ಸೊಂಟ ಅಂದ್ರ ಟೈಮ್ ಇರ್ತದ. ಬಿಗಿದು ಕಟ್ಟಿ, ರಕ್ತಾ ಕೊಡ್ಕೋತ ಒಯ್ದ್ರ ಉಳೀತಾರ. ಎಲ್ಲಾರೂ ಅಲ್ಲ. ಆ ವಯಸ್ಸಿನವ್ರು ಉಳೀತಾರ."

ಗದಿಗೆಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಏನರೆ ಕೇಳಿದ್ನಾ?"

"ನೀರು ಕೇಳ್ದನಂತ."

"ಮತ್ತ?"

ಹೇಳದೆ ಬಿಡುವುದಕ್ಕೆ ಇನ್ನೂ ಒಂದು ಸಂಗತಿ ಉಳಿದಿತ್ತು. ನೀಲಮ್ಮ ಗಂಡನ ಮುಖ ನೋಡಿ, "ಹೇಳ್ರಿ," ಎಂದರು.

"ಹೆಲಿಕಾಪ್ಟರ್ ಸಪ್ಪಳ ಕೇಳಸ್ತಿತ್ತಂತ ಅವರಿಗೆ. ಆ ಗುಡ್ಡದ ಆಚೆ ಕಡೆಯಿಂದ. ಬರಾಕತ್ತಾರ, ಬರಾಕತ್ತಾರ ಅಂತ ಇಬ್ಬರೂ ಕಾಯ್ಕೋತ ಇದ್ರಂತ."

ನೀಲಮ್ಮ ಎದ್ದು ತಟ್ಟೆಯನ್ನು ಸಿಂಕಿನಲ್ಲಿಟ್ಟರು. ನಲ್ಲಿ ತಿರುಗಿಸಿದರು, ಕೈ ತೊಳೆಯಲಿಲ್ಲ, ನೀರು ಹರಿಯುತ್ತಲೇ ಇತ್ತು. ಬೆನ್ನು ತಿರುಗಿಸಿಕೊಂಡೇ ಮಾತಾಡಿದರು.

"ಬಿದ್ದ ಕೂಡ್ಲೆ ಹೋದ ಅಂದ್ರಿ ನೀವು ನನಗ."

"ಹೌದು."

"ನಾ ವಾರಕ್ಕ ಎರಡು ಸರ್ತಿಯರೆ ಯಾರದರೆ ಎದುರಿಗೆ ಕುಂತು ಹೇಳ್ತೀನಿ. ತಾಯಂದಿರಿಗೆ ಹೇಳ್ತೀನಿ. ಕೈ ಹಿಡಕೊಂಡು, ಇದ್ದದ್ದು ಇದ್ದಂಗ ಹೇಳ್ತೀನಿ. ನನಗ ಮಾತ್ರ ಯಾರೂ ಹೇಳ್ಲಿಲ್ಲ."

"ನಿನಗ ತಡಕೊಳ್ಳಾಕ ಆಗೂದಿಲ್ಲ ಅಂತ."

"ನಿಮಗ ಹೇಳಾಕ ಆಗ್ಲಿಲ್ಲ. ಅದು ಬ್ಯಾರೆ."

ಅವರು ನಲ್ಲಿ ನಿಲ್ಲಿಸಿದರು. ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ, ರೊಟ್ಟಿಯ ಡಬ್ಬಿಯ ಪಕ್ಕ ತೆರೆದರು. ಪರದೆಯ ಮೇಲೆ ಆ ಬೆಟ್ಟಸಾಲು ಬಂತು, ಕಂದು ಗೆರೆಗಳ ನಡುವೆ ಋಷಿ ಗುಡ್ಡ. ಬಿಡುವಾದಾಗಲೆಲ್ಲ ಅದನ್ನು ತೆರೆದು ನೋಡುತ್ತಿದ್ದರು ಎಂಬುದು ಅದು ಬಂದ ವೇಗದಲ್ಲೇ ತಿಳಿಯುತ್ತಿತ್ತು.

"ಹಾಕೋದು ಅಷ್ಟ ಕಲತೀನಿ ನಾ," ಎಂದರು. "ಅಳಸೋದು ಹ್ಯಾಂಗ?"

ಗದಿಗೆಪ್ಪ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಎರಡು ವರ್ಷದಲ್ಲಿ ಅವರಿಬ್ಬರೂ ಒಂದೇ ಪರದೆಯನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮೇಲಿನ ಚುಕ್ಕೆ ಒತ್ತು, ಬಲಕ್ಕೆ ಬರುವ ಪಟ್ಟಿಯಲ್ಲಿ ಕಡೆಯದು, ಎಂದು ತೋರಿಸಿದರು. ನೀಲಮ್ಮ ಒತ್ತಿದರು. ಅಳಿಸಲು ಕಾರಣವೇನು ಎಂದು ಪರದೆ ಕೇಳಿತು. ಅವರು ಎರಡು ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದರು: ಬೇರೆ ಗುಡ್ಡ.

ಅದಾದ ಮೇಲೆ, "ಅಂವ ಇದ್ದ ಗುಡ್ಡ ತೋರಸ್ರಿ," ಎಂದರು.

ಗದಿಗೆಪ್ಪ ಬೆರಳಿಟ್ಟು ತೋರಿಸಿದರು. 10,112. ನೀಲಮ್ಮ ಅದನ್ನೂ ದಕ್ಷಿಣದ್ದನ್ನೂ ನೋಡಿದರು, ಎರಡರ ನಡುವಿನ ಜಾಗವನ್ನು ನೋಡಿದರು. ಪರದೆಯ ಮೇಲೆ ಅದು ಹೆಬ್ಬೆರಳಿನಷ್ಟು ಅಗಲವಿತ್ತು.

"ಇಷ್ಟ ದೂರ," ಎಂದರು. ಲ್ಯಾಪ್‌ಟಾಪ್ ಮುಚ್ಚಿ ಮೇಲೆ ಹೋಗಿ, ಮಗ ಮಲಗುತ್ತಿದ್ದ ಕೋಣೆಯಲ್ಲಿ ಮಲಗಿದರು. ಮರುದಿನವೂ ಅಲ್ಲೇ ಮಲಗಿದರು.

ಶುಕ್ರವಾರ ಗದಿಗೆಪ್ಪ ಏಳನೆಯ ಹೆಸರಿನ ಮುಂದೆ ತಿರಸ್ಕೃತ ಎಂಬ ಗುರುತು ಹಾಕಿದರು. ಅರ್ಧ ಗಂಟೆಯಲ್ಲಿ ಸ್ಮಿತಾ ಬಂದಳು.

"ಯಾಕೆ ಅಂಕಲ್? ಎರಡು ಸೋರ್ಸ್ ಇತ್ತಲ್ಲ. ಆಡಿಟ್‌ನಲ್ಲಿ ನನ್ನೇ ಕೇಳ್ತಾರೆ ಆಮೇಲೆ."

"ಎರಡೂ ಒಂದ. ಆ ಬ್ಲಾಗಿನವ ನಕಾಶಿ ನೋಡಿ ಬರದಾನ."

"ನಕಾಶೇಲಿ ಹಾಕ್ದೋರು ಯಾರು ಅಂತ ಗೊತ್ತಾಯ್ತಾ? ಹುಬ್ಳಿಯೋರೇ ತಾನೇ?"

"ಗದಗಿನವ್ರು," ಎಂದರು ಗದಿಗೆಪ್ಪ. "ನಮ್ಮ ಮನಿಯವ್ರು. ಋಷಿ ನನ್ನ ಮಗ."

ಸ್ಮಿತಾ ನಿಂತೇ ಇದ್ದಳು. "ಸಾರಿ ಅಂಕಲ್. ನಂಗೆ ಗೊತ್ತಿರ್ಲಿಲ್ಲ. ಮಂಗಳವಾರ ನಾನು ಏನೇನೋ ಅಂದ್ಬಿಟ್ಟೆ."

"ನೀ ಅಂದದ್ದು ಖರೇನ ಇತ್ತು. ಗುಡ್ಡ ಅನ್ನೋರು ನಾವ."

ಐದಕ್ಕೆ ನಕಾಶೆಗೆ ಬೀಗ ಬಿತ್ತು. ಆ ಹಾಳೆಯಲ್ಲಿ ಒಟ್ಟು ನಲವತ್ತೊಂದು ಹೆಸರುಗಳಿದ್ದವು. ಎರಡು ಗುಡ್ಡಗಳ ಮೇಲೆ ಎತ್ತರದ ಅಂಕಿ ಮಾತ್ರ ಇತ್ತು.

ಭಾನುವಾರ ಬೆಳಿಗ್ಗೆ ನೀಲಮ್ಮ ಎರಡು ಪೆಟ್ಟಿಗೆ ಕಾರಿನಲ್ಲಿಟ್ಟರು. ದಿಯಾಳ ಮನೆಗೆ ಹೋಗಿ ಬರ್ತೀನಿ, ಎರಡು ವಾರ ರಜಾ ಹಾಕೀನಿ ಎಂದರು. ಡ್ರೈವ್ ಮಾಡಿಕೊಂಡು ನಾನೂ ಬರ್ತೀನಿ ಎಂದು ಗದಿಗೆಪ್ಪ ಹೇಳಿದಾಗ, ಬ್ಯಾಡ್ರಿ ಎಂದರು. ಮಧ್ಯಾಹ್ನ ನೇಪರ್‌ವಿಲ್ ತಲುಪಿದ್ದು ದಿಯಾಳಿಂದ ತಿಳಿಯಿತು. ಎರಡು ವಾರ ಕಳೆಯಿತು, ದಸರೆ ಕಳೆಯಿತು. ನವೆಂಬರಿನಲ್ಲಿ ಡಾ. ನೀಲಮ್ಮ ಹೊಸಮನಿ, ನೇಪರ್‌ವಿಲ್ ಇರುವ ಇಲಿನಾಯ್ ರಾಜ್ಯದ ವೈದ್ಯಕೀಯ ಲೈಸೆನ್ಸಿಗೆ ಅರ್ಜಿ ಹಾಕಿದರು.